ಸಫಾರಿಗೆ ಮುಂಚೆ ನೈರೋಬಿ: ಮಕ್ಕಳಿಗೊಂದು ತಾಲೀಮು

ಕೀನ್ಯಾ ಪ್ಯಾಕೇಜುಗಳಲ್ಲಿ ನೈರೋಬಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ರಾತ್ರಿ. ವಿಮಾನ ಇಳಿದು ಹೋಟೆಲಿನಲ್ಲಿ ಮಲಗುವುದು, ಬೆಳಿಗ್ಗೆ ಎದ್ದು ಮಾಸಾಯಿ ಮಾರಾ ಅಭಯಾರಣ್ಯದ ದಾರಿ ಹಿಡಿಯುವುದು. ದೊಡ್ಡವರಷ್ಟೇ ಹೋಗುವುದಾದರೆ ಇದರಲ್ಲಿ ತಪ್ಪೇನಿಲ್ಲ. ಜೊತೆಗೆ ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳಿದ್ದರೆ ಮಾತ್ರ ಎರಡು ರಾತ್ರಿಯನ್ನಾದರೂ ಈ ಊರಿಗೆ ಕೊಡಿ. ಮೂರಾದರೆ ಇನ್ನೂ ವಾಸಿ. ಮಗು ಗಾಡಿಯಲ್ಲಿ ಎಷ್ಟು ಹೊತ್ತು ಸುಮ್ಮನೆ ಕೂರುತ್ತದೆ, ಧೂಳಿಗೆ ಉಬ್ಬಸ ಬರುತ್ತದೆಯೇ, ಐದು ಗಂಟೆಗೆ ಎಬ್ಬಿಸಿದರೆ ಏಳುತ್ತದೆಯೇ, ಮಲೇರಿಯಾ ಮಾತ್ರೆ ಹೊಟ್ಟೆಗೆ ಒಗ್ಗುತ್ತದೆಯೇ ಎಂಬುದೆಲ್ಲ ಮಾರಾದ ಟೆಂಟಿನಲ್ಲಿ ಗೊತ್ತಾದರೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ನೈರೋಬಿಯಲ್ಲಿ ಗೊತ್ತಾದರೆ ಔಷಧಿ ಅಂಗಡಿ ಇದೆ, ಮಕ್ಕಳ ಆಸ್ಪತ್ರೆ ಇದೆ, ರಸ್ತೆ ಪ್ರಯಾಣ ಬಿಟ್ಟು ವಿಮಾನ ಹಿಡಿಯುವ ದಾರಿಯೂ ಇದೆ. ಮೇಲಾಗಿ ಊರಿನ ಮಗ್ಗುಲಲ್ಲೇ ಸಿಂಹ, ಘೇಂಡಾಮೃಗ ಓಡಾಡುವ ರಾಷ್ಟ್ರೀಯ ಉದ್ಯಾನವಿದೆ. ತಾಲೀಮಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೆಲ್ಲಿ?

ಹೊರಡುವ ಮೊದಲು

ಮೊದಲ ಕೆಲಸ ಹಳದಿ ಜ್ವರದ ಲಸಿಕೆ. ಭಾರತದಿಂದ ಹೋಗುವವರ ಸರ್ಟಿಫಿಕೇಟನ್ನು ಗಟ್ಟಿಯಾಗಿ ಕೇಳುವುದು ವಾಪಸು ಬರುವಾಗ ನಮ್ಮವರೇ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಆ ಹಳದಿ ಪುಸ್ತಕಕ್ಕೆ ಬೆಲೆ. ಅದಿಲ್ಲದೆ ಇಳಿದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುವುದರಿಂದ ಬೇಸಿಗೆ ರಜೆ ಹತ್ತಿರ ಬರುವವರೆಗೆ ಕಾಯಬೇಡಿ.

ಮಕ್ಕಳ ವಿಷಯದಲ್ಲಿ ಇಲ್ಲೊಂದು ತೊಡಕಿದೆ. 9 ತಿಂಗಳು ತುಂಬದ ಕೂಸಿಗೆ ಸಾಮಾನ್ಯವಾಗಿ ಈ ಲಸಿಕೆ ಹಾಕುವುದಿಲ್ಲ. ಆದರೆ ಭಾರತದ ನಿಯಮದಲ್ಲಿ ವಿನಾಯಿತಿ ಇರುವುದು 6 ತಿಂಗಳವರೆಗಿನ ಶಿಶುಗಳಿಗೆ ಮಾತ್ರ. ಈ ಎರಡರ ನಡುವಿನ ವಯಸ್ಸಿನ ಮಗುವಿದ್ದರೆ ಪ್ರವಾಸವನ್ನೇ ಮುಂದೂಡುವುದು ಜಾಣತನ. ಇದು ಜೀವಂತ ವೈರಸ್ಸಿನ ಲಸಿಕೆ, ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಹಾಕುವ ಎಂಎಂಆರ್ ಕೂಡ ಅದೇ ಬಗೆಯದು. ಎರಡಕ್ಕೂ ನಡುವೆ ನಾಲ್ಕು ವಾರ ಬಿಡುವುದು ವಾಡಿಕೆ. ಹಾಗಾಗಿ ಮಗುವಿನ ಲಸಿಕೆ ಕಾರ್ಡನ್ನು ವೈದ್ಯರಿಗೆ ತೋರಿಸಿಯೇ ದಿನ ಗೊತ್ತುಮಾಡಿ. ಮೊಟ್ಟೆಯ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು, ಏಕೆಂದರೆ ಈ ಲಸಿಕೆಯನ್ನು ಬೆಳೆಸುವುದು ಕೋಳಿಮೊಟ್ಟೆಯಲ್ಲಿ.

ಮಲೇರಿಯಾದ ಲೆಕ್ಕ ಬೇರೆ. ನೈರೋಬಿ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಬೆಂಗಳೂರಿನ ಎರಡರಷ್ಟು. ಅಲ್ಲಿ ಮಲೇರಿಯಾ ಅಪಾಯ ಕಡಿಮೆ; ಸಫಾರಿ ನಡೆಯುವ ಮಾರಾ, ಅಂಬೊಸೆಲಿ, ಸಂಬುರುಗಳಲ್ಲಿ ಹಾಗಲ್ಲ. ಮಕ್ಕಳಿಗೆ ಹೆಚ್ಚಾಗಿ ಬರೆದುಕೊಡುವ ಅಟೊವಾಕ್ವೋನ್-ಪ್ರೊಗ್ವಾನಿಲ್ ಮಾತ್ರೆಯನ್ನು ಮಲೇರಿಯಾ ಪ್ರದೇಶಕ್ಕೆ ಕಾಲಿಡುವ 1–2 ದಿನ ಮೊದಲು ಶುರುಮಾಡಿ, ಅಲ್ಲಿಂದ ಹೊರಬಿದ್ದ ಮೇಲೆ 7 ದಿನ ಮುಂದುವರಿಸಬೇಕು. ಪ್ರಮಾಣ ಮಗುವಿನ ತೂಕದ ಮೇಲೆ ನಿಲ್ಲುತ್ತದೆ, ಆದ್ದರಿಂದ ಹಿಂದಿನ ವರ್ಷದ ತೂಕ ಹೇಳಬೇಡಿ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುವ ಸಂಭವ ಹೆಚ್ಚು, ಮೈಗೂ ಸರಿಯಾಗಿ ಹತ್ತುವುದಿಲ್ಲ. ಹಾಲು ಅಥವಾ ಜಿಡ್ಡಿರುವ ಊಟದ ಜೊತೆಗೇ ಕೊಡಬೇಕು. ನುಂಗಿ ಒಂದು ಗಂಟೆಯೊಳಗೆ ಕಕ್ಕಿದರೆ ಇನ್ನೊಮ್ಮೆ ಕೊಡಬೇಕಾಗುತ್ತದೆ, ಅದಕ್ಕೆಂದು ಎರಡು ಮೂರು ಮಾತ್ರೆ ಹೆಚ್ಚಿಗೆ ಇರಲಿ. ನೈರೋಬಿಯ ಎರಡು ದಿನ ಈ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿದೆ. ಮೆಫ್ಲೊಕ್ವಿನ್ ಬರೆದುಕೊಟ್ಟರೆ ಎರಡು ವಾರ ಮುಂಚೆ ಊರಲ್ಲೇ ಶುರುಮಾಡಬೇಕು. ಡಾಕ್ಸಿಸೈಕ್ಲಿನ್ 8 ವರ್ಷದೊಳಗಿನವರಿಗೆ ಕೊಡುವುದಿಲ್ಲ.

ವೀಸಾ ಬದಲಿಗೆ 2024ರ ಜನವರಿಯಿಂದ ಇಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ. ಹಸುಗೂಸಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಬಾಕಿ ಇರಬೇಕು, ಉಳಿಯುವ ಜಾಗದ ಬುಕಿಂಗ್ ಮತ್ತು ವಾಪಸು ಟಿಕೆಟ್ ಅಪ್‌ಲೋಡ್ ಮಾಡಬೇಕು. ಮೂರು ದಿನ ಸಾಕು ಎನ್ನುತ್ತಾರೆ; ಎರಡು ವಾರ ಇಟ್ಟುಕೊಳ್ಳಿ. ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದುಕೊಂಡು ಹೋಗುವುದಾದರೆ ಮಗುವಿನ ಜನನ ಪ್ರಮಾಣಪತ್ರ ಮತ್ತು ಇನ್ನೊಬ್ಬರ ಒಪ್ಪಿಗೆ ಪತ್ರ ಕೈಚೀಲದಲ್ಲಿರಲಿ.

ಇನ್ನು ಪ್ಯಾಕಿಂಗ್. ನಮ್ಮ ಮನೆಗಳಲ್ಲಿ ಬಟ್ಟೆ, ಚಪ್ಪಲಿ, ಚಟ್ನಿಪುಡಿ ಎಲ್ಲವೂ ಪ್ಲಾಸ್ಟಿಕ್ ಕವರಿನೊಳಗೆ ಕೂರುತ್ತವೆ. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕವರ್ ನಿಷಿದ್ಧ. ಡ್ಯೂಟಿ ಫ್ರೀ ಚೀಲವನ್ನೂ ವಿಮಾನ ನಿಲ್ದಾಣದಲ್ಲೇ ಬಿಡಬೇಕು. ಬಟ್ಟೆಗೆ ಬಟ್ಟೆಯ ಚೀಲ, ಪುಡಿಗಳಿಗೆ ಮುಚ್ಚಳದ ಡಬ್ಬಿ, ಒದ್ದೆ ಡಯಪರಿಗೆ ತೊಳೆಯಬಹುದಾದ ಜಿಪ್ ಚೀಲ ಒಯ್ಯಿರಿ. ರಾಷ್ಟ್ರೀಯ ಉದ್ಯಾನ ಮತ್ತು ಅರಣ್ಯಗಳಲ್ಲಿ 2020ರ ಜೂನ್‌ನಿಂದ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ, ಸ್ಟ್ರಾ, ತಟ್ಟೆ, ಲೋಟಗಳಿಗೂ ಪ್ರವೇಶವಿಲ್ಲ. ತಲೆಗೊಂದು ಸ್ಟೀಲ್ ಬಾಟಲಿ ಬೇಕೇ ಬೇಕು.

ಮಿಲಿಟರಿ ಪ್ರಿಂಟಿನ ಚಡ್ಡಿ, ಟೋಪಿ ನಮ್ಮಲ್ಲಿ ಗಂಡುಮಕ್ಕಳಿಗೆ ಕೊಡಿಸುವುದು ಮಾಮೂಲು; ಕಾಡಿಗೆ ಒಪ್ಪುತ್ತದೆ ಎಂದು ಸಫಾರಿಗೆಂದೇ ಕೊಳ್ಳುವವರೂ ಇದ್ದಾರೆ. ಕೀನ್ಯಾದಲ್ಲಿ ಸೈನ್ಯದ ಬಟ್ಟೆಯನ್ನು ಹೋಲುವ ಉಡುಪು ಸಾರ್ವಜನಿಕರು ತೊಡುವುದು ಅಪರಾಧ. ಮನೆಯಲ್ಲೇ ಬಿಡಿ. ಡ್ರೋನನ್ನೂ ಬಿಡಿ, ಅನುಮತಿಯಿಲ್ಲದೆ ತಂದದ್ದನ್ನು ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳುತ್ತಾರೆ. ಪ್ಲಗ್ ಇಂಗ್ಲೆಂಡಿನ ಮಾದರಿಯ ಚೌಕ ಪಿನ್ನಿನದು, ನಮ್ಮ ಗುಂಡು ಪಿನ್ ಕೂರುವುದಿಲ್ಲ. ಸ್ವೆಟರ್ ಮರೆಯಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನೈರೋಬಿಯ ಬೆಳಗು 11–12 ಡಿಗ್ರಿಗೆ ಇಳಿಯುತ್ತದೆ, ಮಧ್ಯಾಹ್ನದವರೆಗೂ ಮೋಡ ಕವಿದಿರುತ್ತದೆ. ಸಮಭಾಜಕದ ಪಕ್ಕದ ಊರೆಂದು ಹತ್ತಿಯ ಬಟ್ಟೆ ಮಾತ್ರ ತಂದವರು ಅಲ್ಲಿನ ಮಾಲ್‌ಗಳಲ್ಲಿ ಜಾಕೆಟ್ ಹುಡುಕುತ್ತಾರೆ.

ಇಳಿದ ದಿನ

ಮುಂಬೈನಿಂದ ನೇರ ವಿಮಾನ ಆರು ಗಂಟೆಯ ಆಸುಪಾಸು. ಬೆಂಗಳೂರಿನವರಿಗೆ ಮುಂಬೈ, ಅಡಿಸ್ ಅಬಾಬಾ, ಇಲ್ಲವೇ ಕೊಲ್ಲಿಯ ಊರುಗಳ ದಾರಿ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ಊರಲ್ಲಿ ರಾತ್ರಿ ಒಂಬತ್ತಕ್ಕೆ ಮಲಗಿ ಏಳಕ್ಕೆ ಏಳುವ ಮಗು ಅಲ್ಲಿ ಸಂಜೆ ಆರೂವರೆಗೆ ತೂಕಡಿಸಿ ಬೆಳಗಿನ ನಾಲ್ಕೂವರೆಗೆ ಎದ್ದು ಕೂರುತ್ತದೆ. ಇದನ್ನು ಸರಿಪಡಿಸಲು ಹೋಗಬೇಡಿ. ಸಫಾರಿ ನಡೆಯುವುದೇ ಈ ಗಡಿಯಾರದ ಮೇಲೆ. ಸಂಜೆ ಏಳಕ್ಕೆ ಊಟ ಮುಗಿಸಿ ಮಲಗಿಸಿದರೆ ಮರುದಿನ ಆರು ಗಂಟೆಗೆ ಪಾರ್ಕಿನ ಗೇಟಿನಲ್ಲಿ ನಗುಮುಖದ ಮಗು ಇರುತ್ತದೆ.

ಉಳಿಯುವುದೆಲ್ಲಿ ಎಂಬುದು ಉಳಿದೆಲ್ಲ ಪ್ಲ್ಯಾನನ್ನು ತೀರ್ಮಾನಿಸುತ್ತದೆ. ಮಕ್ಕಳು ನೋಡಬಯಸುವ ಆನೆಮರಿ, ಜಿರಾಫೆ, ರಾಷ್ಟ್ರೀಯ ಉದ್ಯಾನದ ಮುಖ್ಯ ಗೇಟು, ಮಾರಾಕ್ಕೆ ಹಾರುವ ವಿಲ್ಸನ್ ವಿಮಾನ ನಿಲ್ದಾಣ ಎಲ್ಲವೂ ಊರಿನ ದಕ್ಷಿಣ ಮತ್ತು ನೈಋತ್ಯಕ್ಕೆ, ಲಂಗಾಟ–ಕರೆನ್ ಕಡೆಗಿವೆ. ಭಾರತೀಯ ಊಟ, ಮ್ಯೂಸಿಯಂ, ಕರೂರ ಅರಣ್ಯ ಉತ್ತರದ ವೆಸ್ಟ್‌ಲ್ಯಾಂಡ್ಸ್–ಪಾರ್ಕ್‌ಲ್ಯಾಂಡ್ಸ್ ಕಡೆಗೆ. ಎರಡೇ ರಾತ್ರಿಯಾದರೆ ಕಣ್ಣುಮುಚ್ಚಿ ಲಂಗಾಟ–ಕರೆನ್ ಆರಿಸಿಕೊಳ್ಳಿ. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ನೈರೋಬಿಯ ಟ್ರಾಫಿಕ್ ಬೆಂಗಳೂರಿನ ಸಿಲ್ಕ್ ಬೋರ್ಡಿಗೆ ಸಡ್ಡು ಹೊಡೆಯುತ್ತದೆ. 2022ರಲ್ಲಿ ತೆರೆದ 27 ಕಿ.ಮೀ. ಉದ್ದದ ಟೋಲ್ ಎಕ್ಸ್‌ಪ್ರೆಸ್‌ವೇ ವಿಮಾನ ನಿಲ್ದಾಣದಿಂದ ವೆಸ್ಟ್‌ಲ್ಯಾಂಡ್ಸ್‌ಗೆ ಹೋಗುವವರಿಗೆ ವರದಾನ. ಕರೆನ್‌ಗೆ ಹೋಗುವವರಿಗೆ ಸದರ್ನ್ ಬೈಪಾಸ್ ಉಪಯೋಗ. ಡ್ರೈವರಿಗೆ ಟೋಲ್ ದುಡ್ಡು ನಾವೇ ಕೊಡುತ್ತೇವೆಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅವರು ಕೆಳಗಿನ ರಸ್ತೆಯಲ್ಲೇ ತೆವಳುತ್ತಾರೆ.

ಉಬರ್, ಬೋಲ್ಟ್ ಎರಡೂ ಓಡುತ್ತವೆ, ಆದರೆ ಮಕ್ಕಳ ಸೀಟು ಇರುವುದಿಲ್ಲ. ನಾಲ್ಕು ವರ್ಷದೊಳಗಿನ ಮಗುವಿದ್ದರೆ ಪ್ರವಾಸ ಏಜೆಂಟರಿಂದ ದಿನಬಾಡಿಗೆಯ ಗಾಡಿ ತೆಗೆದುಕೊಂಡು, ಸೀಟು ಬೇಕೆಂದು ಬರಹದಲ್ಲಿ ಕೇಳಿ. ಮಟಾಟು ಎಂಬ ಮಿನಿಬಸ್ಸುಗಳ ಬಣ್ಣ, ಹಾಡು, ಆರ್ಭಟ ನೋಡುವುದಕ್ಕೆ ಚೆಂದ. ಮಕ್ಕಳೊಂದಿಗೆ ಹತ್ತುವುದು ಬೇಡ. ಗಾಡಿ ನಿಂತಾಗ ತೆರೆದ ಕಿಟಕಿಯ ಪಕ್ಕ ಮಗುವಿನ ಕೈಗೆ ಫೋನ್ ಕೊಡಬೇಡಿ, ಕಿತ್ತುಕೊಂಡು ಓಡುತ್ತಾರೆ. ಕತ್ತಲಾದ ಮೇಲೆ ಅರ್ಧ ಕಿಲೋಮೀಟರಿಗೂ ಕಾರೇ ಸರಿ. ಜೂನ್ 25 ಮತ್ತು ಜುಲೈ 7ರಂದು ನಗರದ ನಡುಭಾಗಕ್ಕೆ ಹೋಗುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ: ಮೊದಲನೆಯದು 2024ರ ಯುವಜನರ ಪ್ರತಿಭಟನೆಯ ದಿನ, ಎರಡನೆಯದು ಬಹುಪಕ್ಷ ಪ್ರಜಾಪ್ರಭುತ್ವಕ್ಕಾಗಿ ನಡೆದ 1990ರ ಸಬಾ ಸಬಾ ಚಳವಳಿಯ ದಿನ. ಅಂದು ರಸ್ತೆಗಳೇ ಮುಚ್ಚಬಹುದು.

ಇಳಿದ ದಿನ ಮಧ್ಯಾಹ್ನ ಬೇರೇನೂ ಬೇಡ, ಜಿರಾಫೆ ಸೆಂಟರ್ ಒಂದೇ ಸಾಕು. ಸಂಜೆ ಐದಕ್ಕೆ ಮುಚ್ಚುತ್ತಾರೆ. ಮೂರೂವರೆಯೊಳಗೆ ತಲುಪಿದರೆ ಆರಾಮ. ಇದನ್ನು ನಡೆಸುವ ಸಂಸ್ಥೆ ಶುರುವಾದದ್ದು ರಾತ್‌ಚೈಲ್ಡ್ ಎಂಬ ಅಪರೂಪದ ಬಗೆಯ ಜಿರಾಫೆಗಳನ್ನು ಉಳಿಸಲಿಕ್ಕೆ. ಜನರಿಗೆ ತೆರೆದದ್ದು 1983ರಲ್ಲಿ. ಎತ್ತರದ ಮರದ ಅಟ್ಟಣೆ ಹತ್ತಿದರೆ ಜಿರಾಫೆಯ ಮುಖ ಮಗುವಿನ ಮುಖದ ಮಟ್ಟಕ್ಕೆ ಬರುತ್ತದೆ. ಕೈಗೆ ಒಂದು ಹಿಡಿ ಕಾಳಿನಂಥ ಒಣ ಮೇವು ಕೊಡುತ್ತಾರೆ. ಒಂದೊಂದನ್ನೇ ಬೆರಳ ತುದಿಯಲ್ಲಿ ಹಿಡಿದರೆ ಕಪ್ಪು ಬೂದು ಬಣ್ಣದ, ಮೊಳದುದ್ದದ ನಾಲಿಗೆ ಹೊರಬಂದು ಮರಳುಕಾಗದದ ಹಾಗೆ ಬೆರಳನ್ನು ಸವರಿಕೊಂಡು ಹೋಗುತ್ತದೆ. ಹಿಡಿಯಷ್ಟನ್ನೂ ಒಮ್ಮೆಗೇ ಕೊಟ್ಟರೆ ಅರ್ಧ ನಿಮಿಷದಲ್ಲಿ ಮುಗಿದು ಮಗು ಅಳುತ್ತದೆ. ಮೇವು ಮುಗಿದ ಮೇಲೂ ಅಲ್ಲೇ ನಿಂತು ಫೋಟೋಕ್ಕೆ ಬೆನ್ನು ತಿರುಗಿಸುವುದೇ ಅಪಾಯ: ಇನ್ನೂ ಬೇಕೆಂದು ಜಿರಾಫೆ ತಲೆಯಿಂದ ಗುದ್ದುತ್ತದೆ, ಆ ತಲೆಗೆ ತೂಕವಿದೆ. ಚಿಕ್ಕ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಪಕ್ಕಕ್ಕೆ ನಿಲ್ಲಿ, ಎದುರಿಗೆ ಬೇಡ. ಅಟ್ಟಣೆಯ ಕೆಳಗೆ ವಾರ್ಟ್‌ಹಾಗ್ ಹಂದಿಗಳು ಬಿದ್ದ ಕಾಳು ಹೆಕ್ಕುತ್ತಿರುತ್ತವೆ. ಮಕ್ಕಳು ಎಷ್ಟೋ ಸಲ ಅವನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ಹೊರಡುವಾಗ ಸೋಪು ಹಾಕಿ ಕೈ ತೊಳೆಸಿ.

ಆರು ಗಂಟೆಗೆ ಗೇಟಿನಲ್ಲಿ

ನೈರೋಬಿ ರಾಷ್ಟ್ರೀಯ ಉದ್ಯಾನ 1946ರಲ್ಲಿ ಆದದ್ದು, ಕೀನ್ಯಾದ ಮೊದಲನೆಯದು. 117 ಚದರ ಕಿ.ಮೀ., ನಗರದ ನಡುಭಾಗದಿಂದ ಏಳು ಕಿ.ಮೀ. ಊರಿನ ಕಡೆಯ ಮೂರು ಮಗ್ಗುಲಿಗೆ ಬೇಲಿ, ದಕ್ಷಿಣಕ್ಕೆ ಮಾತ್ರ ತೆರೆದ ಬಯಲು. ಸಿಂಹ, ಕಪ್ಪು ಮತ್ತು ಬಿಳಿ ಘೇಂಡಾಮೃಗ, ಕಾಡೆಮ್ಮೆ, ಜಿರಾಫೆ, ಜೀಬ್ರಾ, ಹಿಪ್ಪೊ, ಉಷ್ಟ್ರಪಕ್ಷಿ ಇವೆ. ಆನೆ ಇಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳದಿದ್ದರೆ ನಾಲ್ಕು ಗಂಟೆಯೂ "ಆನೆ ಎಲ್ಲಿ?" ಎಂಬ ಒಂದೇ ರಾಗ.

ಬಂಡೀಪುರ, ನಾಗರಹೊಳೆಯ ಸಫಾರಿ ಮಾಡಿದ ಮಕ್ಕಳಿಗೆ ಇಲ್ಲಿ ಎರಡು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಅರಣ್ಯ ಇಲಾಖೆಯ ಬಸ್ಸಿನಲ್ಲೋ ಜೀಪಿನಲ್ಲೋ ಹೇಳಿದಷ್ಟು ಹೊತ್ತು ಸುತ್ತಿ ಬರುವುದು. ಇಲ್ಲಿ ಗಾಡಿ ನಿಮ್ಮದು, ಬೆಳಿಗ್ಗೆ ಆರರಿಂದ ಸಂಜೆಯವರೆಗೆ ಎಷ್ಟು ಹೊತ್ತಾದರೂ ಇರಬಹುದು. ಅಲ್ಲಿ ಪೊದೆಯ ಸಂದಿಯಲ್ಲಿ ಕಣ್ಣಾಡಿಸಬೇಕು; ಇಲ್ಲಿ ಹುಲ್ಲು ಬಯಲು, ಅರ್ಧ ಕಿಲೋಮೀಟರ್ ದೂರದ ಪ್ರಾಣಿ ಕಾಣುತ್ತದೆ, ಆದರೆ ಚುಕ್ಕಿಯಷ್ಟೇ. ಅದಕ್ಕೇ ಪ್ರತಿ ಮಗುವಿಗೂ ಒಂದೊಂದು ದುರ್ಬೀನು ಬೇಕು. ಒಂದೇ ಇದ್ದರೆ ಪ್ರಾಣಿ ಹೋಗುವವರೆಗೂ ಜಗಳ. ಎಂಟು ವರ್ಷದೊಳಗಿನವರಿಗೆ 8×21ರ ಸಣ್ಣದು ಸಾಕು. ದೊಡ್ಡದನ್ನು ಅವರ ಕೈ ಅಲ್ಲಾಡದೆ ಹಿಡಿಯಲಾರದು. ಬಳಸುವುದನ್ನು ಇಲ್ಲೇ ಕಲಿಸಿ: ಮೊದಲು ಬರಿಗಣ್ಣಿನಲ್ಲಿ ಪ್ರಾಣಿ ಹುಡುಕು, ಕಣ್ಣು ಅಲ್ಲೇ ನೆಟ್ಟಿರಲಿ, ಆಮೇಲೆ ದುರ್ಬೀನನ್ನು ಕಣ್ಣಿಗೆ ತಾ.

ಟಿಕೆಟನ್ನು ಕೀನ್ಯಾ ಸರ್ಕಾರದ ಇ-ಸಿಟಿಜನ್ ಪೋರ್ಟಲಿನಲ್ಲಿ ಹಿಂದಿನ ದಿನವೇ ಕೊಂಡಿರಬೇಕು, ಗೇಟಿನಲ್ಲಿ ನಗದು ನಡೆಯುವುದಿಲ್ಲ. ವಿದೇಶಿಯರ ದರ ಡಾಲರಿನಲ್ಲಿದೆ, ಆಗಾಗ ಏರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಗಾಡಿ ಮಾಡು ತೆರೆಯುವ ಲ್ಯಾಂಡ್ ಕ್ರೂಸರೋ ವ್ಯಾನೋ ಆಗಿರಲಿ. ಸಣ್ಣ ಕಾರನ್ನೂ ಒಳಗೆ ಬಿಡುತ್ತಾರೆ, ಆದರೆ ಹುಲ್ಲಿನ ಎತ್ತರಕ್ಕೆ ಮಕ್ಕಳಿಗೆ ಏನೂ ಕಾಣುವುದಿಲ್ಲ. ಮೇಲಾಗಿ ಅಲ್ಲಿನ ನೆಲ ಅಪ್ಪಟ ಎರೆಮಣ್ಣು. ಧಾರವಾಡ, ಗದಗಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಟೈರು ಹೂತರೆ ಟ್ರ್ಯಾಕ್ಟರೇ ಬರಬೇಕು. ಒಣಗಿದಾಗ ಅದೇ ಮಣ್ಣು ನುಣ್ಣನೆಯ ಧೂಳಾಗಿ ಏಳುತ್ತದೆ. ಉಬ್ಬಸವಿರುವ ಮಗುವಿನ ಇನ್‌ಹೇಲರ್ ಸೀಟಿನ ಜೇಬಿನಲ್ಲಿರಬೇಕು. ಎದುರಿಗೆ ಗಾಡಿ ಬಂದಾಗ ಕಿಟಕಿ ಏರಿಸುವ ಕೆಲಸವನ್ನು ಮಗುವಿಗೇ ವಹಿಸಿ.

ಒಳಗೆ ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಐವರಿ ಬರ್ನಿಂಗ್ ಸೈಟ್, ಇಂಪಾಲಾ ಅಬ್ಸರ್ವೇಷನ್ ಪಾಯಿಂಟ್, ಹಿಪ್ಪೊ ಪೂಲ್ ಇಂಥ ಗುರುತು ಮಾಡಿದ ಜಾಗಗಳಲ್ಲಿ ಮಾತ್ರ ಇಳಿಯಬಹುದು. ಮೂತ್ರದ ಅವಸರವನ್ನು ಈ ಜಾಗಗಳ ಲೆಕ್ಕದಲ್ಲೇ ನಿಭಾಯಿಸಬೇಕು: ಗೇಟಿನಲ್ಲಿ ಒಮ್ಮೆ, ಆಮೇಲೆ ಒಂದೂವರೆ ಗಂಟೆಗೊಮ್ಮೆ, ಬೇಕೋ ಬೇಡವೋ ಇಳಿಸಿಯೇ ಬಿಡುವುದು. ಐವರಿ ಬರ್ನಿಂಗ್ ಸೈಟಿನಲ್ಲಿ ಬೂದಿಗುಡ್ಡೆಗಳಿವೆ. 1989ರಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯ್ 12 ಟನ್ ಆನೆದಂತಕ್ಕೆ ಬೆಂಕಿಯಿಟ್ಟ ಜಾಗ ಇದು. 2016ರ ಏಪ್ರಿಲ್‌ನಲ್ಲಿ ಉಹುರು ಕೆನ್ಯಾಟ ಅವರ ಕಾಲದಲ್ಲಿ 105 ಟನ್ ಸುಟ್ಟರು. ಎಂಟು ಒಂಬತ್ತು ವರ್ಷದ ಮಕ್ಕಳು ಇಲ್ಲಿ ಕೇಳುವ ಪ್ರಶ್ನೆ ಒಂದೇ: ಮಾರಿದ್ದರೆ ದುಡ್ಡು ಬರುತ್ತಿತ್ತಲ್ಲ? ಉತ್ತರ ಕೊಡಲು ತಯಾರಾಗಿ ಹೋಗಿ. ಹಿಪ್ಪೊ ಪೂಲ್‌ನಲ್ಲಿ ರೇಂಜರ್ ಜೊತೆ ನದಿಯ ದಂಡೆಯಲ್ಲಿ ನಡೆಯಬಹುದು. ಎರಡು ಗಂಟೆ ಕೂತು ಬೇಸತ್ತ ಕಾಲಿಗೆ ಅದೇ ಔಷಧಿ. ಕೋತಿಗಳ ಹಾವಳಿ ಜಾಸ್ತಿ, ಬಾಳೆಹಣ್ಣನ್ನು ಗಾಡಿಯೊಳಗೇ ತಿನ್ನಿಸಿ.

ಪಾರ್ಕಿನ ಮೇಲೆ ಹಾದುಹೋಗುವ ರೈಲು ಸೇತುವೆ ಆರು ಕಿಲೋಮೀಟರಿಗಿಂತ ಉದ್ದ. ಪರಿಸರವಾದಿಗಳ ವಿರೋಧದ ನಡುವೆ ಕಟ್ಟಿದ್ದು, ಕಣ್ಣಿಗೆ ಚುಚ್ಚುತ್ತದೆ ಎಂಬುದೂ ನಿಜ. ಮಕ್ಕಳಿಗೆ ಮಾತ್ರ ಕಂಬಗಳ ನಡುವೆ ಜಿರಾಫೆ, ಮೇಲೆ ರೈಲು ಎರಡೂ ಒಟ್ಟಿಗೆ ಸಿಕ್ಕರೆ ಸಿಂಹ ಸಿಗದಿದ್ದರೂ ನಡೆಯುತ್ತದೆ.

ನಾಲ್ಕು ಗಂಟೆ ಕಳೆದು ಹೊರಬಂದಾಗ ಗಮನಿಸಬೇಕಾದ್ದು ಇಷ್ಟು: ವಾಂತಿಯಾಯಿತೇ, ಎಷ್ಟು ಹೊತ್ತಿಗೆ ಹಟ ಶುರುವಾಯಿತು, ಪಿಸುಮಾತಿನಲ್ಲಿ ಮಾತಾಡಿ ಎಂದಾಗ ಕೇಳಿದರೇ, ಎದ್ದು ನಿಂತಾಗ ಗಾಡಿ ಕುಲುಕಿದರೆ ಹೆದರಿದರೇ. ಎರಡೇ ಗಂಟೆಗೆ ಮಗು ಸೋತಿತೆಂದರೆ ಮಾರಾದಲ್ಲಿ ಇಡೀ ದಿನದ ಡ್ರೈವ್ ರದ್ದು ಮಾಡಿ, ಬೆಳಿಗ್ಗೆ ಮತ್ತು ಸಂಜೆ ಎರಡೆರಡು ಗಂಟೆ ಎಂದು ಏಜೆಂಟರಿಗೆ ಅವತ್ತೇ ಫೋನ್ ಮಾಡಿ. ಬೇರೆಯವರ ಜೊತೆ ಹಂಚಿಕೊಳ್ಳುವ ಗಾಡಿ ಬುಕ್ ಆಗಿದ್ದರೆ ಸ್ವಂತ ಗಾಡಿಗೆ ಬದಲಾಯಿಸಿ. ಪರರ ಮುಖ ಗಂಟಿಕ್ಕುವುದನ್ನು ನೋಡುತ್ತ ಮಗುವನ್ನು ಸುಮ್ಮನಿರಿಸುವುದಕ್ಕಿಂತ ದೊಡ್ಡ ಶಿಕ್ಷೆ ಸಫಾರಿಯಲ್ಲಿಲ್ಲ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಈ ಸುತ್ತೂ ಹೆಚ್ಚೇ. ಮುಖ್ಯ ಗೇಟಿನ ಪಕ್ಕದಲ್ಲೇ ಸಫಾರಿ ವಾಕ್ ಇದೆ, ಎತ್ತರದ ಮರದ ದಾರಿಯಲ್ಲಿ ನಡೆಯುತ್ತ ಆವರಣದೊಳಗಿನ ಪ್ರಾಣಿಗಳನ್ನು ನೋಡುವುದು. ಬೇರೆ ಟಿಕೆಟ್, ಒಂದೂವರೆ ಗಂಟೆಯ ಕೆಲಸ.

ಹನ್ನೊಂದು ಗಂಟೆಯ ಆನೆಮರಿಗಳು

ಶೆಲ್ಡ್ರಿಕ್ ವೈಲ್ಡ್‌ಲೈಫ್ ಟ್ರಸ್ಟ್ ತಾಯಿ ಕಳೆದುಕೊಂಡ ಆನೆಮರಿಗಳನ್ನು ಸಾಕುವ ಜಾಗ. ಡ್ಯಾಫ್ನೆ ಶೆಲ್ಡ್ರಿಕ್ ತಮ್ಮ ಪತಿ ಡೇವಿಡ್ ನೆನಪಿಗೆ 1977ರಲ್ಲಿ ಶುರುಮಾಡಿದ್ದು. ಸಾರ್ವಜನಿಕರಿಗೆ ದಿನಕ್ಕೆ ಒಂದೇ ಗಂಟೆ, 11ರಿಂದ 12. ಮುಂಗಡ ಬುಕಿಂಗ್ ಕಡ್ಡಾಯ. ಜುಲೈ–ಆಗಸ್ಟ್ ಮತ್ತು ಡಿಸೆಂಬರಿನಲ್ಲಿ ವಾರಗಟ್ಟಲೆ ಮೊದಲೇ ತುಂಬುತ್ತದೆ. ಹಾಗಾಗಿ ವಿಮಾನದ ಟಿಕೆಟ್ ಆದ ಕೂಡಲೇ ಇದನ್ನು ಹಿಡಿದಿಟ್ಟು, ಉಳಿದ ಕಾರ್ಯಕ್ರಮವನ್ನು ಇದರ ಸುತ್ತ ಹೆಣೆಯಿರಿ. ಪಾರ್ಕಿನ ಬೆಳಗಿನ ಸುತ್ತು ಅದೇ ದಿನವಾದರೆ ಹತ್ತಕ್ಕೆಲ್ಲ ಹೊರಬೀಳಬೇಕು; ಇಲ್ಲಿನ ದಾರಿ ಮಗಾಡಿ ರಸ್ತೆಯ ಎಂಬಗಾತಿ ಗೇಟಿನ ಮೂಲಕ.

ಹತ್ತೂವರೆಗೆ ಬಂದವರಿಗೆ ಹಗ್ಗದ ಪಕ್ಕದ ಮುಂದಿನ ಸಾಲು. ತಡವಾದರೆ ದೊಡ್ಡವರ ಬೆನ್ನು ನೋಡುತ್ತ ಒಂದು ಗಂಟೆ. ಮೊದಲು ಸಣ್ಣ ಮರಿಗಳ ಗುಂಪು ಓಡೋಡಿ ಬಂದು ಪಾಲಕರು ಹಿಡಿದ ದೊಡ್ಡ ಬಾಟಲಿಯ ಹಾಲನ್ನು ಗಟಗಟನೆ ಮುಗಿಸುತ್ತದೆ. ಆಮೇಲೆ ಸ್ವಲ್ಪ ದೊಡ್ಡವುಗಳ ಸರದಿ. ಮರಿಗಳಿಗೆ ಹಗಲೂ ರಾತ್ರಿ ಮೂರು ಗಂಟೆಗೊಮ್ಮೆ ಹಾಲು, ಪಾಲಕರು ರಾತ್ರಿ ಅವುಗಳ ಕೊಟ್ಟಿಗೆಯಲ್ಲೇ ಮಲಗುತ್ತಾರೆ. ದೊಡ್ಡವಾದ ಮೇಲೆ ತ್ಸಾವೊ ಕಡೆಯ ಶಿಬಿರಗಳಿಗೆ ಕಳಿಸಿ ನಿಧಾನವಾಗಿ ಕಾಡಿಗೆ ಬಿಡುವುದು. ಪಾಲಕರು ಮೈಕಿನಲ್ಲಿ ಪ್ರತಿ ಮರಿಯ ಹೆಸರು, ಸಿಕ್ಕಿದ ಜಾಗ, ತಾಯಿ ಸತ್ತ ಕಾರಣ ಹೇಳುತ್ತಾರೆ. ಕೆಲವು ಕತೆ ಕಠೋರ. ಸೂಕ್ಷ್ಮ ಮನಸ್ಸಿನ ಮಗುವಾದರೆ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಹೇಳಬೇಕೆಂದೇನಿಲ್ಲ. ಕೆಸರು ಎರಚುತ್ತದೆ, ಬಿಳಿ ಬಟ್ಟೆ ಬೇಡ. ನೆರಳು ಕಡಿಮೆ, ಈ ಎತ್ತರದಲ್ಲಿ ಮೋಡದ ದಿನವೂ ಬಿಸಿಲು ಸುಡುತ್ತದೆ. ಟೋಪಿ ಮತ್ತು ಸನ್‌ಸ್ಕ್ರೀನ್ ಬೇಕು. ಮುಟ್ಟಬಹುದು ಎಂದು ಮಾತ್ರ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ.

ಜಿರಾಫೆಗೆ ಕೈಯಾರೆ ಉಣಿಸಿ, ಆನೆಮರಿಯನ್ನು ಹತ್ತಡಿಯಿಂದ ನೋಡಿದ ಮಗು ಮಾರಾದಲ್ಲೂ ಹಾಗೇ ಎಂದುಕೊಳ್ಳುತ್ತದೆ. ಇವು ಮನುಷ್ಯರು ಸಾಕಿದವು, ಅಲ್ಲಿನವು ಹತ್ತಿರ ಬಾರದಿರುವುದೇ ಸರಿ ಎಂಬುದನ್ನು ಇಲ್ಲಿಂದ ಹೊರಡುವ ಮೊದಲೇ ಮಾತಾಡಿಕೊಳ್ಳಬೇಕು.

ಈ ಮೂರನ್ನು ಬಿಟ್ಟರೆ ಸಮಯವಿದ್ದವರಿಗೆ ರೈಲ್ವೆ ಮ್ಯೂಸಿಯಂ ನನ್ನ ಮೊದಲ ಆಯ್ಕೆ. ನೈರೋಬಿ ಹುಟ್ಟಿದ್ದೇ 1899ರಲ್ಲಿ ರೈಲ್ವೆ ಡಿಪೋ ಆಗಿ, ಆ ಹಳಿ ಹಾಕಿದವರಲ್ಲಿ ಸಾವಿರಾರು ಮಂದಿ ಭಾರತದಿಂದ ಹೋದ ಕೂಲಿಗಳು. ಬಯಲಲ್ಲಿ ನಿಲ್ಲಿಸಿದ ಉಗಿ ಎಂಜಿನುಗಳ ಮೇಲೆ ಮಕ್ಕಳು ಹತ್ತಿ ಇಳಿಯಬಹುದು. 1900ರಲ್ಲಿ ಕೀಮಾ ಎಂಬಲ್ಲಿ ಚಾರ್ಲ್ಸ್ ರೈಯಲ್ ಎಂಬ ಪೊಲೀಸ್ ಅಧಿಕಾರಿಯನ್ನು ಸಿಂಹ ಎಳೆದುಕೊಂಡು ಹೋದ ಬೋಗಿಯೂ ಅಲ್ಲಿದೆ. ನ್ಯಾಷನಲ್ ಮ್ಯೂಸಿಯಂನಲ್ಲಿ 1984ರಲ್ಲಿ ಸಿಕ್ಕ ಹದಿನೈದು ಹದಿನಾರು ಲಕ್ಷ ವರ್ಷ ಹಳೆಯ, ತುರ್ಕಾನಾ ಹುಡುಗ ಎಂದು ಕರೆಯುವ ಆದಿಮಾನವನ ಅಸ್ಥಿ ಇದೆ, ಪಕ್ಕದಲ್ಲಿ ಹಾವಿನ ಉದ್ಯಾನ. ಕರೂರ ಅರಣ್ಯದಲ್ಲಿ ಬಾಡಿಗೆ ಸೈಕಲ್, ಜಲಪಾತ, ಕೋತಿ. 1999ರಲ್ಲಿ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಪೆಟ್ಟು ತಿಂದು ಉಳಿಸಿಕೊಂಡ ಕಾಡು. ಲೇಖಕಿ ಕರೆನ್ ಬ್ಲಿಕ್ಸೆನ್ ಮನೆಯನ್ನು ಏಜೆಂಟರು ತುರುಕುತ್ತಾರೆ, ಮಕ್ಕಳಿಗೆ ಅಲ್ಲಿ ಏನೂ ಇಲ್ಲ. ಸಸ್ಯಾಹಾರಿಗಳು ಮಾಂಸದೂಟಕ್ಕೆ ಹೆಸರಾದ ಕಾರ್ನಿವೋರ್ ಹೋಟೆಲಿನ ಭೋಜನವನ್ನೂ ಪ್ಯಾಕೇಜಿನಿಂದ ತೆಗೆಸಿ.

ಹೊಟ್ಟೆಪಾಡು

ಪಾರ್ಕ್‌ಲ್ಯಾಂಡ್ಸ್ ಕಡೆ ಗುಜರಾತಿ ತಾಲಿಯಿಂದ ದೋಸೆಯವರೆಗೆ ಸಿಗುತ್ತದೆ. ಡೈಮಂಡ್ ಪ್ಲಾಜಾ ಸುತ್ತಮುತ್ತ ಮೆಣಸಿನಪುಡಿ ನಿಂಬೆಹುಳಿ ಉದುರಿಸಿದ ಮೊಗೊ, ಅಂದರೆ ಮರಗೆಣಸಿನ ಚಿಪ್ಸ್ ತಿನ್ನಲೇಬೇಕು. ಸ್ಥಳೀಯ ಊಟದಲ್ಲಿ ನಮ್ಮ ಮಕ್ಕಳಿಗೆ ಒಗ್ಗುವುದು ಚಪಾತಿ ಮತ್ತು ಎಂಡೆಂಗು, ಹೆಸರುಕಾಳಿನ ಗಟ್ಟಿ ಸಾರು. ಮೆಕ್ಕೆಜೋಳ ಮತ್ತು ಹುರುಳಿಕಾಯಿ ಬೀಜ ಬೇಯಿಸಿದ ಗಿಥೇರಿಯೂ ಸರಿ. ಸುಕುಮಾ ವಿಕಿ ಸೊಪ್ಪಿನ ಪಲ್ಯವನ್ನು ಕೆಲವೆಡೆ ಮಾಂಸದ ರಸದಲ್ಲಿ ಬಾಡಿಸುತ್ತಾರೆ, ಕೇಳಿ ತಿನ್ನಿ. ಮೊಸರನ್ನಕ್ಕೆ ಸೂಪರ್‌ಮಾರ್ಕೆಟ್ಟಿನಲ್ಲಿ ಸಕ್ಕರೆಯಿಲ್ಲದ ನ್ಯಾಚುರಲ್ ಯೋಗರ್ಟ್ ಕೊಳ್ಳಿ. ಮಾಲಾ ಎಂಬ ಹುದುಗಿಸಿದ ಹಾಲು ಮಜ್ಜಿಗೆಗೆ ಹತ್ತಿರ. ನಲ್ಲಿ ನೀರು ಬೇಡ, ಐದು ಲೀಟರ್ ಕ್ಯಾನ್ ತಂದು ಸ್ಟೀಲ್ ಬಾಟಲಿಗೆ ತುಂಬಿಕೊಳ್ಳಿ. ಡಯಪರ್, ಒದ್ದೆ ಟಿಶ್ಯೂ, ಬಿಸ್ಕತ್ತು ಎಲ್ಲ ಇಲ್ಲೇ ಕೊಂಡು ಮುಗಿಸಿ.

ಮಾರಾದ ಕ್ಯಾಂಪಿಗೆ ಸಸ್ಯಾಹಾರ ಎಂದಷ್ಟೇ ಹೇಳಿದರೆ ಬೆಳಗಿನ ತಿಂಡಿ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ಬರುತ್ತದೆ. ಮೊಟ್ಟೆಯೂ ಬೇಡವಾದರೆ ಅದನ್ನು ಬೇರೆಯಾಗಿ, ಬರಹದಲ್ಲಿ ಹೇಳಬೇಕು.

ಮಗುವಿಗೆ ಜ್ವರವೋ ಭೇದಿಯೋ ಕಂಡರೆ ಮಾರಾಕ್ಕೆ ಹೊರಡುವ ಮುನ್ನ ಇಲ್ಲೇ ತೋರಿಸಿ. ಮುತೈಗಾದ ಗರ್ಟ್ರೂಡ್ಸ್ ಮಕ್ಕಳ ಆಸ್ಪತ್ರೆ, ಪಾರ್ಕ್‌ಲ್ಯಾಂಡ್ಸಿನ ಆಗಾ ಖಾನ್ ಆಸ್ಪತ್ರೆ ಎರಡೂ ಹೆಸರುವಾಸಿ. ಕಾಡಿನಿಂದ ವಿಮಾನದಲ್ಲಿ ಕರೆತರುವ ಅಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಸೇವೆ ನಿಮ್ಮ ವಿಮೆಯಲ್ಲೋ ಕ್ಯಾಂಪಿನ ದರದಲ್ಲೋ ಸೇರಿದೆಯೇ ಎಂದು ನೋಡಿಕೊಳ್ಳಿ.

ರಸ್ತೆಯೋ ವಿಮಾನವೋ

ನೈರೋಬಿಯಿಂದ ನಾರೋಕ್ ದಾಟಿ ಮಾರಾದ ಸೆಕೆನಾನಿ ಗೇಟಿಗೆ ಐದಾರು ಗಂಟೆ. ಮೈ ಮಹಿಯು ಕಡೆ ಇಳಿಯುವ ತಿರುವುಗಳಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಇನ್ನೂ ಒಂದು ಗಂಟೆ. ರಿಫ್ಟ್ ಕಣಿವೆಯ ನೋಟ ಕಾಣುವ ಜಾಗದಲ್ಲಿ ಎಲ್ಲರೂ ನಿಲ್ಲಿಸುತ್ತಾರೆ, ಶೌಚಾಲಯವೂ ಇದೆ. ಪಾರ್ಕಿನ ನಾಲ್ಕು ಗಂಟೆಯನ್ನು ವಾಂತಿಯಿಲ್ಲದೆ ದಾಟಿದ ಮಗು ಈ ದಾರಿಯನ್ನೂ ದಾಟುತ್ತದೆ. ಇಲ್ಲದಿದ್ದರೆ ಸ್ವಲ್ಪ ಹೆಚ್ಚು ದುಡ್ಡಾದರೂ ವಿಲ್ಸನ್‌ನಿಂದ ಹಾರಿ. ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ, ನಡುವೆ ಎಷ್ಟು ಏರ್‌ಸ್ಟ್ರಿಪ್‌ನಲ್ಲಿ ಇಳಿಸುತ್ತಾರೆ ಎಂಬುದರ ಮೇಲೆ. ಹೆಚ್ಚಾಗಿ ಹತ್ತು ಹನ್ನೆರಡು ಸೀಟಿನ ಸೆಸ್ನಾ ಕಾರವಾನ್, ಅದರಲ್ಲಿ ಶೌಚಾಲಯ ಇಲ್ಲ. ಬಿಸಿಲೇರಿದಂತೆ ಗಾಳಿ ಕುಲುಕುತ್ತದೆ, ಬೆಳಗಿನ ವಿಮಾನವೇ ಒಳ್ಳೆಯದು.

ಲಗೇಜು ತಲೆಗೆ 15 ಕಿಲೋ, ಕೈಚೀಲವೂ ಸೇರಿ. ಚಕ್ರದ ಗಟ್ಟಿ ಸೂಟ್‌ಕೇಸ್ ವಿಮಾನದ ಹೊಟ್ಟೆಯ ಗೂಡಿಗೆ ಹಿಡಿಸುವುದಿಲ್ಲ, ಮೆತ್ತನೆಯ ಡಫಲ್ ಬ್ಯಾಗ್ ಬೇಕು. ಉಳಿದ ಸಾಮಾನನ್ನು ನೈರೋಬಿಯ ಹೋಟೆಲಿನಲ್ಲಿ ಚೀಟಿ ಅಂಟಿಸಿ ಬಿಟ್ಟುಹೋಗಬಹುದು, ವಾಪಸು ಬಂದಾಗ ಅಲ್ಲೇ ಉಳಿಯುವುದಾದರೆ ಸಾಮಾನ್ಯವಾಗಿ ಬಾಡಿಗೆ ಕೇಳುವುದಿಲ್ಲ. ಮಾತ್ರೆ, ಇನ್‌ಹೇಲರ್, ಒಂದು ಜೊತೆ ಬಟ್ಟೆ, ಎರಡು ಕಾಗದದ ವಾಂತಿ ಚೀಲ ಇಷ್ಟು ಮಾತ್ರ ಮಡಿಲಲ್ಲಿರುವ ಚೀಲದಲ್ಲಿ ಇರಲಿ. ತೂಕ ಹೆಚ್ಚಾಗಿ ಬ್ಯಾಗೊಂದು ಮುಂದಿನ ವಿಮಾನಕ್ಕೆ ಉಳಿದರೂ ಆ ದಿನ ಕಳೆಯುತ್ತದೆ.